ಸವತಿಯ ಬಾಯಾರಿಕೆ

ಮದುವೆಯಾಗಿ ಉಟಗಿ ಊರಿನ ಗಂಡನ ಮನೆಯ ಹೊಸ್ತಿಲು ದಾಟಿದ ದಿನ ನನ್ನ ಅತ್ತೆ ಮೊದಲು ಮಾಡಿದ ಕೆಲಸವೆಂದರೆ ನನ್ನ ತಾಳಿಯ ಪಕ್ಕದಲ್ಲಿ ಒಂದು ಬೆಳ್ಳಿಯ ತಗಡನ್ನು ಪೋಣಿಸಿದ್ದು. ಹೆಬ್ಬೆರಳಿನ ಉಗುರಿನಷ್ಟು ಅಗಲವಿತ್ತು. ಅದರ ಮೇಲೆ ಒಬ್ಬ ಹೆಂಗಸಿನ ಆಕಾರ ಕೊರೆದಿದ್ದರು. ಕಣ್ಣು ಮೂಗು ಏನೂ ಇರಲಿಲ್ಲ, ಸೀರೆಯ ನೆರಿಗೆ ಮಾತ್ರ ಸ್ಪಷ್ಟವಾಗಿತ್ತು.

“ಈಕಿ ನಿನಗಿಂತ ಮೊದಲ ಬಂದಾಕಿ,” ಎಂದರು ಅತ್ತೆ. “ಈಕೀನ ಕೊಳ್ಳಾಗಿಂದ ತಗೀಬ್ಯಾಡ. ಹೊಸಾ ಸೀರಿ ಬಂದ್ರ ಮೊದಲ ಈಕೀಗಿ ತೋರಸು. ಉಣ್ಣೂ ಮುಂದ ಒಂದ ತುತ್ತು ತಗದಿಡು. ಹಂಗ ನಡಕೊಂಡ್ರ ನಿನಗ ಏನೂ ಮಾಡಂಗಿಲ್ಲ.”

ಆಯಿತು ಎಂದು ತಲೆಯಾಡಿಸಿದೆ. ಎರಡನೆಯ ಹೆಂಡತಿಯಾಗಿ ಹೋದವರಿಗೆಲ್ಲ ನಮ್ಮ ಕಡೆ ಇದು ಇದ್ದದ್ದೇ. ನನ್ನ ತವರು ಅಸಂಗಿ. ಅಪ್ಪ ಬೇಗ ತೀರಿಕೊಂಡಿದ್ದರಿಂದ ಇಪ್ಪತ್ತು ದಾಟಿದರೂ ನನಗೆ ಗಂಡು ಸಿಕ್ಕಿರಲಿಲ್ಲ. ಜತ್ತ ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದು ಕೆಲವು ವರ್ಷಗಳಾಗಿದ್ದವು, ನಮ್ಮ ದಾರಿಯಲ್ಲಿ ಸರಕಾರಿ ಎಸ್‌ಟಿ ಬಸ್ಸು ಆಗಷ್ಟೇ ಓಡಾಡತೊಡಗಿತ್ತು. ನನ್ನನ್ನು ಕೇಳಲು ಬಂದವರು ನಲವತ್ತರ ಹತ್ತಿರದವರು. ಎತ್ತರದ, ಕೃಶವಾದ, ಮೆಲುದನಿಯ ಮನುಷ್ಯ. ಸುತ್ತಲ ಊರುಗಳಲ್ಲಿ ತೊಗರಿ ಕಡಲೆ ಕೊಂಡು ವಿಜಾಪುರದ ಪೇಟೆಗೆ ಸಾಗಿಸುವ ವ್ಯಾಪಾರ ಅವರದು. ಮೊದಲ ಹೆಂಡತಿ ಹೆರಿಗೆಯಲ್ಲಿ ಸತ್ತಿದ್ದಳು, ಕೂಸೂ ಉಳಿದಿರಲಿಲ್ಲ.

ಆಕೆ ಅತ್ತೆಯ ತಮ್ಮನ ಮಗಳು. ತಾಯಿಯಿಲ್ಲದ ಹುಡುಗಿಯನ್ನು ಅತ್ತೆಯೇ ಎತ್ತಿಕೊಂಡು ಬಂದು ಸಾಕಿ ಸೊಸೆ ಮಾಡಿಕೊಂಡಿದ್ದರು. ಸತ್ತ ಮೇಲೆ ಮನೆಯ ಹಿಂದಿನ ಹೊಲದ ಮೂಲೆಯಲ್ಲಿ, ನಮ್ಮವರ ಪದ್ಧತಿಯಂತೆ ಕುಳ್ಳಿರಿಸಿ ಮಣ್ಣು ಮಾಡಿದ್ದರು. ಅಡುಗೆಮನೆಯ ಕಿಟಕಿಯಿಂದ ಆ ಮಣ್ಣಿನ ದಿಬ್ಬ ನೇರವಾಗಿ ಕಾಣುತ್ತಿತ್ತು. ರೊಟ್ಟಿ ಬಡಿಯುವಾಗ ತಲೆ ಎತ್ತಿದರೆ ಅದೇ. ಮಣ್ಣಿನೊಳಗೆ ಒಬ್ಬಳು ಮಲಗಿಲ್ಲ, ನನ್ನ ಕಡೆ ಮುಖ ಮಾಡಿ ಕೂತಿದ್ದಾಳೆ ಎಂಬ ವಿಚಾರ ಬಂದರೆ ಕಿಟಕಿಯ ಕದ ಮುಚ್ಚಿಬಿಡುತ್ತಿದ್ದೆ.

ಇನ್ನು ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ. ಈ ವಯಸ್ಸಿನಲ್ಲಿ ನನಗೆ ನಾಚಿಕೆ ಉಳಿದಿಲ್ಲ. ಮದುವೆಯಾಗಿ ಒಂದು ಸುಗ್ಗಿ ಮುಗಿದು ಇನ್ನೊಂದು ಬಿತ್ತನೆ ಬಂದರೂ ನಾನು ಹೆಂಡತಿಯಾಗಿರಲಿಲ್ಲ. ಅವರು ಹತ್ತಿರ ಬರುತ್ತಿದ್ದರು. ಪ್ರೀತಿಯಿಂದಲೇ ಬರುತ್ತಿದ್ದರು. ಕೈ ನನ್ನ ಎದೆಯ ಮೇಲಿನ ತಣ್ಣನೆಯ ತಗಡಿಗೆ ತಾಗುತ್ತಿತ್ತು. ಆ ಕ್ಷಣ ಅವರ ಉಸಿರು ನಿಂತ ಹಾಗಾಗುವುದು ನನಗೆ ಗೊತ್ತಾಗುತ್ತಿತ್ತು. ನಾನೂ ಕಟ್ಟಿಗೆಯಂತೆ ಬಿಗಿಯುತ್ತಿದ್ದೆ. ಮೈಯಲ್ಲಿ ಕಸುವು ಏಳದೆ ಅವರು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ಒಮ್ಮೆ ಹೀಗಾದ ಮೇಲೆ ಮರುಸಲ ಹೀಗೇ ಆಗುತ್ತದೆ ಎಂಬ ಅಂಜಿಕೆಯನ್ನು ಹೊತ್ತುಕೊಂಡೇ ಬರುತ್ತಿದ್ದರು, ಹಾಗೆಯೇ ಆಗುತ್ತಿತ್ತು. ಕೊನೆಗೆ ಬರುವುದನ್ನೇ ಬಿಟ್ಟರು. ಹಗಲಲ್ಲಿ ನನ್ನ ಮುಖ ನೋಡಿ ಮಾತಾಡುವುದೂ ಕಡಿಮೆಯಾಯಿತು.

ಮನೆಯಲ್ಲಿ ಬೇರೆ ಏನೇನೋ ನಡೆಯುತ್ತಿತ್ತು. ಸತ್ತವಳಿಗೆಂದು ಅತ್ತೆ ಪ್ರತಿ ಸಂಜೆ ಒಳಕೋಣೆಯ ಗೋಡೆಯ ಗೂಡಿನಲ್ಲಿ ತಾಮ್ರದ ತಂಬಿಗೆಯ ತುಂಬ ನೀರಿಡುತ್ತಿದ್ದರು. ಬೆಳಗಾಗುವುದರೊಳಗೆ ತಂಬಿಗೆ ಬರಿದಾಗಿರುತ್ತಿತ್ತು. ಒಂದು ಹನಿಯೂ ನೆಲಕ್ಕೆ ಚೆಲ್ಲಿರುತ್ತಿರಲಿಲ್ಲ. ನಾನು ಆ ಮನೆಗೆ ಹೋದ ಹೊಸದರಲ್ಲಿ ಎಲ್ಲೋ ಒಮ್ಮೆ ಹಾಗಾಗುತ್ತಿತ್ತು, ಬರಬರುತ್ತಾ ಹೆಚ್ಚುಕಡಿಮೆ ದಿನಾ ಆಯಿತು.

“ನೋಡು, ಕುಡದ ಹೋಗ್ಯಾಳ,” ಎಂದು ಅತ್ತೆ ಬರಿದಾದ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ತೋರಿಸುತ್ತಿದ್ದರು. ಅವರ ಮುಖದಲ್ಲಿ ಭಯ ಇರುತ್ತಿರಲಿಲ್ಲ, ಸಂತೋಷ ಇರುತ್ತಿತ್ತು. ನನಗೆ ಅದನ್ನು ನೋಡಿಯೇ ಹೆಚ್ಚು ಭಯವಾಗುತ್ತಿತ್ತು.

ಆಮೇಲೆ ಇರುವೆಗಳು ಬಂದವು. ಹಿತ್ತಿಲಿನ ಮೂಲೆಯಲ್ಲಿ ಗಂಡಸರು ಮೂತ್ರಕ್ಕೆ ಹೋಗುವ ಒಂದು ಹಾಸುಗಲ್ಲು ಇತ್ತು. ಮನೆಯಲ್ಲಿದ್ದ ಗಂಡಸು ನನ್ನ ಗಂಡ ಒಬ್ಬರೇ. ಆ ಕಲ್ಲಿನ ಮೇಲೆ ಕಪ್ಪಿರುವೆಗಳು ಮುತ್ತತೊಡಗಿದವು. ಒಂದು ಬೆಳಿಗ್ಗೆ ನೋಡಿದರೆ ಕಲ್ಲೇ ಕಾಣಲಿಲ್ಲ, ಕಲ್ಲಿನ ಆಕಾರದಲ್ಲಿ ಕಪ್ಪಗೆ ಏನೋ ಮಿಸುಕಾಡುತ್ತಿತ್ತು. ಅಲ್ಲಿಂದ ಒಂದು ಸಾಲು ಗೋಡೆ ಹತ್ತಿ ಇಳಿದು ಹೊಲದ ಕಡೆ ಹೋಗಿತ್ತು. ನಾನು ಅದರ ಜಾಡು ಹಿಡಿದು ನಡೆದೆ. ದಿಬ್ಬದ ಬುಡದಲ್ಲಿದ್ದ ತೂತಿನೊಳಗೆ ಸಾಲು ಮುಗಿದಿತ್ತು. ಓಡಿ ಬಂದು ಅತ್ತೆಗೆ ಹೇಳಿದೆ.

“ಆಕಿ ಅಂವನ ಬಿಟ್ಟಿಲ್ಲವಾ,” ಎಂದು ಅವರು ತಣ್ಣಗೆ ನುಡಿದರು. “ಅಂವನ ಮೈಯಾಗಿನ ಕಸುವನ್ನ ಹಿಂಗ ಹೊತಗೊಂಡ ಹೋಗಾಕತ್ತಾಳ.”

ಮಗನ ಕಸುವು ಹೋಗಿದೆ ಎಂಬುದು ಅತ್ತೆಗೆ ಯಾರು ಹೇಳಿದರೋ ತಿಳಿಯದು. ಹೇಳದಿದ್ದರೂ ಮನೆಯೊಳಗಿನ ಹೆಂಗಸಿಗೆ ತಿಳಿಯುತ್ತದೆ. ಅವರು ದಿನಕ್ಕೆ ಎರಡು ಹೊತ್ತು ಉತ್ತತ್ತಿ, ಬಾದಾಮಿ ಅರೆದು ಸಕ್ಕರೆ ಹಾಕಿದ ಹಾಲನ್ನು ಮಗನಿಗೆ ಕುಡಿಸತೊಡಗಿದರು. ನನ್ನ ಗಂಡನೂ ಗುಟ್ಟಾಗಿ ಸಂತೆಯಲ್ಲಿ ಔಷಧ ಮಾರುವವನ ಹತ್ತಿರ ಒಂದು ಭರಣಿ ಲೇಹ್ಯ ತಂದು ಜೋಳದ ಚೀಲಗಳ ಹಿಂದೆ ಇಟ್ಟುಕೊಂಡಿದ್ದರು. ಬೆಲ್ಲದ ಪಾಕ, ಜೇನು, ಇನ್ನೂ ಏನೇನೋ ಬೇರು ಹಾಕಿದ ಕಪ್ಪು ಲೇಹ್ಯ. ಅದನ್ನು ತಿಂದಷ್ಟೂ ಅವರು ಸೊರಗಿದರು. ಮುಖ ಒಳಗೆ ಸೇರಿ ಕಣ್ಣು ದೊಡ್ಡವಾದವು. ಬೀಡಿಯ ಮೇಲೆ ಬೀಡಿ ಸೇದುತ್ತಾ ದಿಬ್ಬದ ಕಡೆ ನೋಡುತ್ತಾ ಕಟ್ಟೆಯ ಮೇಲೆ ಕೂರುತ್ತಿದ್ದರು.

ಒಂದು ಸಂಗತಿಯನ್ನು ಇಲ್ಲೇ ಹೇಳುತ್ತೇನೆ, ಏಕೆಂದರೆ ಇದಕ್ಕೆ ಮುಂದೆಯೂ ನನಗೆ ಯಾರಿಂದಲೂ ಉತ್ತರ ಸಿಗಲಿಲ್ಲ. ಕೆಲವು ಮಧ್ಯಾಹ್ನ, ಅತ್ತೆ ಮತ್ತು ಗಂಡ ಇಬ್ಬರೂ ಹೊರಗಿರುವಾಗ, ಒಳಕೋಣೆಯಲ್ಲಿ ಆಗತಾನೇ ಎರೆದುಕೊಂಡ ಕೂದಲಿನ ವಾಸನೆ ಬರುತ್ತಿತ್ತು. ಸೀಗೆಕಾಯಿ, ಒದ್ದೆ ಕೂದಲು, ಸಾಂಬ್ರಾಣಿ ಹೊಗೆ. ಬಾಣಂತಿಯ ಕೋಣೆಯ ವಾಸನೆ. ನಾನು ಬಾಗಿಲಲ್ಲೇ ನಿಂತು “ಯಾರದು?” ಎಂದರೆ ವಾಸನೆ ಹೋಗಿಬಿಡುತ್ತಿತ್ತು.

ಕೊನೆಗೆ ಅತ್ತೆ ನನ್ನನ್ನು ಹತ್ತಿರದ ಮುಚ್ಚಂಡಿ ಊರಿನಲ್ಲಿ ಕಾಳು ನೋಡಿ ಹೇಳುವ ಒಬ್ಬ ಮುದುಕನ ಬಳಿ ಕರೆದೊಯ್ದರು. ಆತ ಮೊರದಲ್ಲಿ ಜೋಳದ ಕಾಳು ಚೆಲ್ಲಿ, ಬೆರಳಿನಿಂದ ಸರಿಸಿ, ನನ್ನ ಕೊರಳಿನ ತಗಡನ್ನು ಬಹಳ ಹೊತ್ತು ನೋಡಿದ.

“ಸತ್ತಾಕಿ ಅಂವನ ಕಟ್ಟ್ಯಾಳ,” ಎಂದ. “ಈ ಹುಡುಗಿ ಮೈ ಆಕೀಗಿ ಬ್ಯಾಡಾಗೇದ. ಅಮಾಸಿ ದಿನ ಹೊತ್ತ ನೆತ್ತಿ ಮ್ಯಾಲೆ ಬಂದಾಗ ಈಕಿ ಹಸಿ ಸೀರ್ಯಾಗ ಹೋಗಿ ಆಕೀನ ಸುತ್ತಬೇಕು. ಕೈ ಜೋಡಿಸಿ ‘ನಿನ್ನ ಗಂಡನ್ನ ನನಗ ಕೊಡು’ ಅಂತ ಬೇಡಬೇಕು. ಆಗೂ ಬಿಡಲಿಲ್ಲಂದ್ರ ಈಕೀನ ತವರಿಗಿ ಕಳಸ್ರಿ.”

ಅಮಾವಾಸ್ಯೆಯ ಮಧ್ಯಾಹ್ನ ನಾನು ಬಾವಿಯ ಬಳಿ ತಲೆಯ ಮೇಲೆ ನೀರು ಸುರಿದುಕೊಂಡು ದಿಬ್ಬಕ್ಕೆ ಹೋದೆ. ಹೊಲದಲ್ಲಿ ಯಾರೂ ಇರಲಿಲ್ಲ. ಬಿಸಿಲು ಎಷ್ಟಿತ್ತೆಂದರೆ ನನ್ನ ನೆರಳು ಕಾಲಡಿಯಲ್ಲೇ ಅಡಗಿತ್ತು. ಸುತ್ತುವಾಗ ಸೀರೆಯಿಂದ ತೊಟ್ಟಿಕ್ಕಿದ ನೀರನ್ನು ಆ ಮಣ್ಣು ಬೀಳುತ್ತಲೇ ಹೀರುತ್ತಿತ್ತು. ಬೇರೆ ಕಡೆಯ ಮಣ್ಣಿಗಿಂತ ಬೇಗ ಹೀರುತ್ತಿದೆ ಎನಿಸಿತು. “ನಿನ್ನ ಗಂಡನ್ನ ನನಗ ಕೊಡು,” ಎನ್ನಲು ಬಾಯಿ ತೆರೆದೆ, ಆದರೆ ಬಂದದ್ದು ಬೇರೆ ಮಾತು. “ನಿನಗ ಏನ ಬೇಕಾಗೇದಬೇ ಅಕ್ಕಾ?” ಎಂದು ಕೇಳಿದೆ. ಉತ್ತರ ಬಂದುಬಿಟ್ಟರೆ ಎಂದು ಹೆದರಿ ತಿರುಗಿ ನೋಡದೆ ಮನೆಗೆ ನಡೆದೆ.

ಹಿತ್ತಿಲ ಬಾಗಿಲಲ್ಲಿ ನೆಲದ ಮೇಲೆ ರಕ್ತದ ಹೆಜ್ಜೆಗಳಿದ್ದವು.

ಒಂದೇ ಕಾಲಿನ ಹೆಜ್ಜೆ. ಬಲಗಾಲು ಮಾತ್ರ. ಎಡಗಾಲು ಬೀಳಬೇಕಾದ ಜಾಗ ಖಾಲಿ. ಹಸಿಯಾಗಿ ಹೊಳೆಯುವ ಆ ಗುರುತುಗಳು ಹಿತ್ತಿಲಿನಿಂದ ಹೊರಟು, ಪಡಸಾಲೆಯನ್ನು ದಾಟಿ, ಒಳಕೋಣೆಯ ಬಾಗಿಲೊಳಗೆ ಹೋಗಿದ್ದವು. ಅತ್ತೆ ಅಡುಗೆಮನೆಯಿಂದ ಬಂದವರು ನೋಡಿ, “ಬಂದ್ಲು! ನನ್ನ ಮಗಳು ಬಂದ್ಲು!” ಎಂದು ಕೂಗಿ ಆ ರಕ್ತದ ಮುಂದೆ ಮಂಡಿಯೂರಿ ಹಣೆ ಹಚ್ಚಿದರು. ಅರಿಷಿಣ ಕುಂಕುಮ ತರಲು ದೇವರಮನೆಗೆ ಓಡಿದರು.

ನಾನು ಗೋಡೆ ಹಿಡಿದು ಹೆಜ್ಜೆಗಳ ಪಕ್ಕದಲ್ಲೇ ನಡೆದು ಒಳಕೋಣೆಗೆ ಇಣುಕಿದೆ. ನನ್ನ ಗಂಡ ಹಗ್ಗದ ಹೊರಸಿನ ಮೇಲೆ ಕೂತು ಚೀಲದ ಬಾಯಿ ಹೊಲಿಯುತ್ತಿದ್ದರು. ಅವರ ಬಲಗಾಲಿನ ಅಂಗಾಲಿನಲ್ಲಿ ಒಂದು ಉದ್ದನೆಯ ಜಾಲಿಮುಳ್ಳು ಪೂರಾ ಒಳಗೆ ಹೋಗಿತ್ತು. ಕೆಳಗೆ ರಕ್ತ ಮಡುಗಟ್ಟಿತ್ತು. ಅವರು ನಿಶ್ಚಿಂತೆಯಿಂದ ದಾರ ಎಳೆಯುತ್ತಿದ್ದರು.

“ಏನ್ರಿ, ಕಾಲಿಗಿ ಏನಾತ್ರಿ?”

“ಏನಾಗೇದ?” ಎಂದು ಅವರು ನನ್ನನ್ನೇ ಕೇಳಿದರು. ನಾನು ಬೆರಳು ತೋರಿದೆ. ಬಗ್ಗಿ ನೋಡಿದರು. ಬೇರೆ ಯಾರದೋ ಕಾಲನ್ನು ನೋಡಿದಂತೆ ನೋಡಿದರು. ಮುಳ್ಳನ್ನು ಹಿಡಿದು ಎಳೆದರು. ಮುಖದ ಮೇಲೆ ಒಂದು ಗೆರೆಯೂ ಮೂಡಲಿಲ್ಲ.

“ನನಗ ಗೊತ್ತ ಆಗಲಿಲ್ಲಲ್ಲ,” ಎಂದರು ಮೆಲ್ಲಗೆ. “ಖರೇನ ಗೊತ್ತ ಆಗಲಿಲ್ಲ.”

ದೆವ್ವದ ಹೆಜ್ಜೆಯೇ ಆಗಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲವೇನೋ. ಬದುಕಿರುವ ಮನುಷ್ಯನ ಕಾಲು ಅವನಿಗಿಂತ ಮೊದಲೇ ಸತ್ತಿರುವುದನ್ನು ನಾನು ಅಂದು ಕಂಡೆ.

ಗಾಯ ಮಾಯಲಿಲ್ಲ. ಅರಿಷಿಣ, ಸುಣ್ಣ, ಬೇವಿನ ಎಣ್ಣೆ ಎಲ್ಲ ಆದವು. ಕಾಲು ಬಾತು ಕಪ್ಪಗಾಗಿ ಜ್ವರ ಬಂದಾಗ ನಾನು ಅಸಂಗಿಯಿಂದ ಅಣ್ಣನನ್ನು ಕರೆಸಿದೆ. ನಾವು ಮೂವರೂ ಬಸ್ಸು ಹಿಡಿದು ಮಿರಜಿಗೆ ಹೋದೆವು. ಅಣ್ಣ ನಮ್ಮನ್ನು ಒಂದು ದವಾಖಾನೆಗೆ ಸೇರಿಸಿ ಊರಿಗೆ ಮರಳಿದ.

ಅಲ್ಲಿನ ಡಾಕ್ಟರು ವಯಸ್ಸಾದವರು. ಮರಾಠಿಯಲ್ಲಿ ಮಾತಾಡುತ್ತಿದ್ದರು, ನಮಗಿಬ್ಬರಿಗೂ ಅದು ಬರುತ್ತಿತ್ತು. ಕಾಲು ನೋಡಿದವರೇ, ಬಾಯಾರಿಕೆ ಹೆಚ್ಚಾಗಿದೆಯೇ, ಮೂತ್ರಕ್ಕೆ ಇರುವೆ ಮುತ್ತುತ್ತವೆಯೇ ಎಂದು ಕೇಳಿದರು. ಉಟಗಿಯ ನಮ್ಮ ಹಿತ್ತಿಲು ಇವರಿಗೆ ಹೇಗೆ ಕಂಡಿತು? ಒಂದು ಗಾಜಿನ ನಳಿಕೆಯಲ್ಲಿ ನೀಲಿ ನೀರಿತ್ತು. ಅದಕ್ಕೆ ನನ್ನ ಗಂಡನ ಮೂತ್ರದ ಹನಿ ಹಾಕಿ ದೀಪದ ಮೇಲೆ ಕಾಯಿಸಿದರು. ನೀಲಿ ಹಸಿರಾಗಿ, ಹಳದಿಯಾಗಿ, ನಾವು ನೋಡುತ್ತಿದ್ದಂತೆಯೇ ಇಟ್ಟಿಗೆಯಂಥ ಕೆಂಪಾಗಿ ನಿಂತಿತು.

“ಸಕ್ಕರೆ ಕಾಯಿಲೆ,” ಎಂದರು. “ಬಹಳ ವರ್ಷಗಳಿಂದ ಇದ್ದಿರಬೇಕು.”

ಆಮೇಲೆ ನನ್ನನ್ನು ಹೊರಗೆ ಕೂರಿಸಿ ಅವರೊಬ್ಬರ ಜೊತೆಯೇ ಬಹಳ ಹೊತ್ತು ಮಾತಾಡಿದರು. ಏನು ಮಾತಾಡಿದರು ಎಂಬುದು ನನಗೆ ಗೊತ್ತಾದದ್ದು ಕಾಲು ಮಾಯ್ದು, ಸೂಜಿಯ ಮದ್ದು ಮೈಗೆ ಹೊಂದಿ, ನಾವು ಊರಿಗೆ ಮರಳುವ ದಿನ. ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತು. ಉಳಿದವರು ಚಹಾ ಕುಡಿಯಲು ಹೋದರು. ನಾವಿಬ್ಬರೂ ಬೇವಿನ ಮರದ ಕೆಳಗೆ ಕೂತೆವು. ಅವರು ನನ್ನ ಮುಖ ನೋಡದೆ, ರಸ್ತೆಯನ್ನೇ ನೋಡುತ್ತಾ ಹೇಳತೊಡಗಿದರು.

“ಡಾಕ್ಟರು ಅದನ್ನೂ ಕೇಳಿದ್ರು. ಹೆಂಡತಿ ಕೂಡ ಇರಾಕ ಆಗತೈತೇನು ಅಂತ. ನಾ ತಲಿ ಕೆಳಗ ಹಾಕಿದೆ. ಅವರ ಅಂದ್ರು, ನಾಚಬ್ಯಾಡ, ಈ ರೋಗದಾಗ ಭಾಳ ಮಂದೀಗಿ ಹಂಗಾಗತೈತಿ. ಕಾಲಿನ ನರ ಸತ್ತಂಗ ಅಲ್ಲಿನ ನರಾನೂ ಸೋಲತಾವಂತ, ರಕ್ತ ಹರಿಯೂದು ಕಡಿಮಿ ಆಗತೈತಂತ. ಬೀಡಿ ಸೇದಿದ್ರ ಇನ್ನೂ ಕಡಿಮಿ.”

“ಮತ್ತ?”

“ಮತ್ತ ಕೇಳಿದ್ರು, ಬೆಳಗಾ ಮುಂಜಾನಿ ಏಳೂಮುಂದ ತಾನ ಕಸುವು ಬಂದಿರತೈತೇನು ಅಂತ. ನಾ ಅಂದೆ, ಮನ್ಯಾಗ ಇದ್ರ ಇಲ್ಲರಿ, ವಿಜಾಪುರಕ್ಕ ಪ್ಯಾಟೀಗಿ ಹೋಗಿ ಅಲ್ಲೇ ಉಳದ್ರ ಒಮ್ಮೊಮ್ಮಿ ಇರತೈತ್ರಿ. ಅದಕ್ಕ ನಕ್ರು. ಅಂದ್ರ ಮೈ ಪೂರಾ ಕೈ ಬಿಟ್ಟಿಲ್ಲ, ಅರ್ಧ ಸಕ್ಕರಿ, ಅರ್ಧ ಅಂಜಿಕಿ ಅಂದ್ರು. ಆ ಮನ್ಯಾಗ ಏನೈತಿ, ಯಾಕ ಅಂಜತಿ ಅಂತ ಕೇಳಿದ್ರು.”

“ಏನ ಹೇಳಿದ್ರಿ?”

ದೂರದಲ್ಲಿ ಕುರಿಗಳು ಹೋಗುತ್ತಿದ್ದವು.

“ಅವರಿಗಿ ಹೇಳಲಿಲ್ಲ. ನಿನಗ ಹೇಳತೇನಿ. ಮೊದಲನೇ ಸಲ ಆಕೀದು ಗರ್ಭ ಇಳದಾಗ ಸೂಲಗಿತ್ತಿ ಹೇಳಿದ್ಲು, ಒಂದ ವರ್ಷ ಆಕೀ ಹತ್ತರ ಹೋಗಬ್ಯಾಡಪಾ ಅಂತ. ನಾ ಕೇಳಲಿಲ್ಲ. ಎರಡನೇದರಾಗ ಆಕಿ ಹೋದ್ಲು. ಹೋಗೂ ಮುಂದ ನೀರ ಬೇಡಿದ್ಲು. ರಕ್ತ ಹೋಗಾಕತ್ತೇದ, ನೀರ ಕೊಡಬಾರದು ಅಂದ್ರು ಒಳಗಿನ ಹೆಣಮಕ್ಕಳು. ನಾ ತಂಬಿಗಿ ಹಿಡಕೊಂಡ ಬಾಗಲದಾಗ ನಿಂತಿದ್ದೆ. ಆಕಿ ನನ್ನ ನೋಡಕೋತನ ಬೇಡಿದ್ಲು. ನಾ ಒಳಗ ಹೋಗಲಿಲ್ಲ.”

ನನ್ನ ಕಣ್ಣಮುಂದೆ ಆ ತಾಮ್ರದ ತಂಬಿಗೆ ಬಂತು. “ಗೂಡಿನಾಗಿನ ನೀರು…” ಎಂದೆ.

“ನಾನ ಕುಡೀತಿದ್ದೆ. ಬಾಯಿ ಒಣಗಿ ಎಚ್ಚರ ಆಗತಿತ್ತು. ಮೊದಲ ಮೊದಲ ಅವ್ವಗ ಹೇಳಬೇಕಂದೆ. ಆಕಿ ಖಾಲಿ ತಂಬಿಗಿ ನೋಡಿ ಅಷ್ಟ ಖುಷಿ ಪಡತಿದ್ಲು, ಹೇಳಾಕ ಆಗಲಿಲ್ಲ. ಆಮ್ಯಾಲೆ ನನಗ ಅನಸಾಕ ಹತ್ತಿತು, ಎಷ್ಟ ಕುಡದ್ರೂ ಹೋಗದ ಈ ನೀರಡಿಕಿ ನಂದಲ್ಲ. ನನ್ನ ಬಾಯಿಲೆ ಆಕಿ ಕುಡ್ಯಾಕತ್ತಾಳ. ನಿನ್ನ ಮುಟ್ಟಿದ್ರ ನೀನೂ ಹಂಗ ನೀರ ಬೇಡಕೋತ ಹೋಗತಿ ಅಂತ…”

ನಾನು ಅವರ ಕೈಯನ್ನು ನನ್ನ ಕೈಯಲ್ಲಿ ಇಟ್ಟುಕೊಂಡೆ. ಹಗಲಿನಲ್ಲಿ, ರಸ್ತೆಯ ಬದಿಯಲ್ಲಿ, ಗಂಡನ ಕೈ ಹಿಡಿದು ಕೂರುವುದು ಆ ಕಾಲದಲ್ಲಿ ಕಾಣದ ಸಂಗತಿ. ಚಹಾ ಕುಡಿದು ಬಂದವರು ನಮ್ಮನ್ನು ನೋಡಿ ಬೇರೆ ಕಡೆ ಮುಖ ತಿರುಗಿಸಿದರು. ನಾವು ಬಿಡಲಿಲ್ಲ.

ಮನೆಗೆ ಬಂದಾಗ ಪಡಸಾಲೆಯಲ್ಲಿ ಅತ್ತೆಯ ತಮ್ಮ, ಅಂದರೆ ಸತ್ತವಳ ತಂದೆ, ಊರಿನ ಕೆಲವು ಹಿರಿಯರೊಂದಿಗೆ ಕೂತಿದ್ದರು. ನಾವಿಲ್ಲದಾಗ ಎಲ್ಲ ಮಾತಾಗಿತ್ತು. ನನ್ನನ್ನು ಅಸಂಗಿಗೆ ಕಳಿಸುವುದು, ಆತನ ಎರಡನೆಯ ಹೆಂಡತಿಯ ಮಗಳನ್ನು ತಂದುಕೊಳ್ಳುವುದು.

“ಈ ಹುಡುಗಿ ಕಾಲಗುಣ ಚಲೋ ಇಲ್ಲಪಾ,” ಎಂದರು ಆತ ನನ್ನ ಗಂಡನಿಗೆ. “ಬಂದಾಗಿಂದ ನಿನಗ ಒಂದ ಚಲೋ ಆಗಲಿಲ್ಲ. ಹೊಟ್ಟೀನೂ ತುಂಬಲಿಲ್ಲ.”

ನಾನು ತಲೆಬಾಗಿಲಲ್ಲೇ ನಿಂತಿದ್ದೆ. ನನ್ನ ಗಂಡ ಕಾಲಿನ ಪಟ್ಟಿಯನ್ನು ಸರಿಮಾಡಿಕೊಂಡು, ಕೂರದೆ, ನಿಂತುಕೊಂಡೇ ಹೇಳಿದರು:

“ಮಾಮಾ, ಆಕೀ ಹೊಟ್ಟಿ ತುಂಬೂದು ಹ್ಯಾಂಗ್ರಿ? ಆಕಿ ಇನ್ನೂ ಹೆಂಗ ಬಂದಿದ್ಲೋ ಹಂಗ ಅದಾಳ. ಕೊರತಿ ಆಕೀದಲ್ಲ, ನಂದು. ನನಗ ಗಂಡಸತನ ಹೋಗೇದ. ರೋಗ ಐತಿ, ಮದ್ದ ನಡದೈತಿ. ಇನ್ನೊಬ್ಬಾಕೀನ ತಂದ್ರ ಆಕೀನೂ ಹಿಂಗ ಕುಂದ್ರತಾಳ.”

ಒಬ್ಬ ಹಿರಿಯರು ಎದ್ದು ಚಪ್ಪಲಿ ಹುಡುಕತೊಡಗಿದರು. ಗಂಡಸೊಬ್ಬ ಹೀಗೆ ನಾಲ್ಕು ಜನರೆದುರು ಹೇಳಿದ್ದನ್ನು ಆ ಊರು ಅದಕ್ಕೆ ಮೊದಲು ಕೇಳಿರಲಿಲ್ಲ. ಬಹಳ ವರ್ಷ ಅವರನ್ನು ಆಡಿಕೊಂಡು ನಕ್ಕರು. ಅವರಿಗೆ ಅದು ತಿಳಿದಿತ್ತು.

ಎಲ್ಲರೂ ಹೋದ ಮೇಲೆ ಅವರು ಅತ್ತೆಯ ಮುಂದೆ ಕೂತು ತಂಬಿಗೆಯ ಸಂಗತಿ ಹೇಳಿದರು. ಅತ್ತೆ ನಂಬಲಿಲ್ಲ. ಆಮೇಲೆ ನಂಬಿದರು. ಸಾಕಿದ ಮಗಳು ಸತ್ತ ದಿನ ಅತ್ತದ್ದಕ್ಕಿಂತ ಹೆಚ್ಚು ಅತ್ತರು ಎಂದು ನೆರೆಯವರು ಆಮೇಲೆ ಹೇಳಿದರು. ಅಷ್ಟು ದಿನ ದಿನವೂ ಬಂದು ನೀರು ಕುಡಿದು ಹೋಗುತ್ತಿದ್ದವಳು ಅಂದು ನಿಜವಾಗಿ ಹೋದಳು. ಮರುದಿನ ಬೆಳಿಗ್ಗೆ ಅತ್ತೆಯೇ ನನ್ನ ಕೊರಳಿನಿಂದ ಬೆಳ್ಳಿಯ ತಗಡನ್ನು ಬಿಚ್ಚಿ ತಮ್ಮ ಕೊರಳಿಗೆ ಹಾಕಿಕೊಂಡರು. “ಈಕಿ ನನ್ನ ಹತ್ರ ಇರಲಿ. ನೀ ಹಗುರಾಗು,” ಎಂದರು. ಹಾಲಿಗೆ ಸಕ್ಕರೆ ಹಾಕುವುದು ನಿಂತಿತು. ಲೇಹ್ಯದ ಭರಣಿಯನ್ನು ನಾನೇ ತಿಪ್ಪೆಗೆ ಸುರಿದೆ. ಬೀಡಿ ಬಿಡಲು ಅವರಿಗೆ ಬಹಳ ಕಷ್ಟವಾಯಿತು, ಆದರೂ ಬಿಟ್ಟರು.

ಕಸುವು ಒಮ್ಮೆಲೇ ಮರಳಲಿಲ್ಲ. ಆದರೆ ಆಗದಿದ್ದ ದಿನ ಅವರು ಗೋಡೆಯ ಕಡೆ ತಿರುಗುತ್ತಿರಲಿಲ್ಲ, ನನ್ನ ಕಡೆಗೇ ಮುಖ ಮಾಡಿ ಮಾತಾಡುತ್ತಿದ್ದರು. ನಾನೂ ಬಿಗಿಯುವುದನ್ನು ಬಿಟ್ಟೆ. ಆಮೇಲೆ ಯಾವಾಗಲೋ, ಇಬ್ಬರೂ ಎಣಿಕೆ ಇಟ್ಟುಕೊಳ್ಳದಿದ್ದ ಒಂದು ಮಳೆಗಾಲದಲ್ಲಿ, ನಾವು ಗಂಡ ಹೆಂಡಿರಾದೆವು. ಕೆಲವು ಸಲ ಆಗುತ್ತಿತ್ತು, ಕೆಲವು ಸಲ ಇಲ್ಲ.

ನಾನು ಬಸುರಿಯಾದಾಗ ಅವರ ಹಳೆಯ ಅಂಜಿಕೆ ಮತ್ತೆ ಬಂತು. ಊಟ ಬಿಟ್ಟರು. ದಿನ ತುಂಬುವ ಮೊದಲೇ ನನ್ನನ್ನು ಮಿರಜಿಗೆ ಕರೆದೊಯ್ದು ದವಾಖಾನೆಯ ಹತ್ತಿರವೇ ಒಂದು ಕೋಣೆ ಹಿಡಿದರು. ಹೆರಿಗೆಯ ದಿನ ನರ್ಸಬಾಯಿ ಹೊರಗೆ ಬಂದು ಹೆಣ್ಣು ಕೂಸು ಎಂದಳಂತೆ. ಅವರು ಅದನ್ನು ಕೇಳಿಸಿಕೊಳ್ಳಲೇ ಇಲ್ಲವಂತೆ. “ನನ್ನ ಹೆಂಡತಿ ಉಸರಾಡಾಕತ್ತಾಳೇನ್ರಿ?” ಎಂದು ಮತ್ತೆ ಮತ್ತೆ ಅದನ್ನೇ ಕೇಳಿದರಂತೆ.

ಮಗಳು ಶಾಲೆಗೆ ಹೋಗುವ ಹೊತ್ತಿಗೆ ಸಕ್ಕರೆ ಮತ್ತೆ ಹೆಚ್ಚಿ ಅವರ ಆ ಶಕ್ತಿ ಪೂರಾ ಹೋಯಿತು. ಈ ಸಲ ಇಬ್ಬರೂ ಹೆದರಲಿಲ್ಲ, ಯಾರನ್ನೂ ಕೇಳಲು ಹೋಗಲಿಲ್ಲ. ಬೇಸಿಗೆಯಲ್ಲಿ ಅಂಗಳದಲ್ಲಿ ಎರಡು ಹೊರಸು ಹಾಕಿಕೊಂಡು, ನಡುವೆ ಮಗಳನ್ನು ಮಲಗಿಸಿಕೊಂಡು, ತೊಗರಿಯ ದರದ ಬಗ್ಗೆಯೋ ನೆರೆಮನೆಯ ಮದುವೆಯ ಬಗ್ಗೆಯೋ ಮಾತಾಡುತ್ತಾ ಇರುತ್ತಿದ್ದೆವು.